ಒದ್ದೆ ಬಟ್ಟೆಯ ಮಾತು

ಹೇಳಬಾರದಿತ್ತು ಎಂದು ಉಷಾರಾಣಿಗೆ ಅನಿಸಿದ್ದು ಹೇಳಿದ ಮೇಲಲ್ಲ, ಹೇಳುತ್ತಿರುವಾಗಲೇ. ‘ಪೂಜೆ ದಿನ ಮಹದೇವಮ್ಮ ಸರ್ವರ್ ಪೆಟ್ಟಿಗೇನ ಒದ್ದೆ ಬಟ್ಟೇಲಿ ಒರೆಸಿದ್ರು ಸಾರ್.’ ಹೆಸರು ನಾಲಿಗೆಗೆ ಬಂದ ಕ್ಷಣದಲ್ಲೇ ಒಳಗೆ ಯಾರೋ ಬಾಯಿ ಮುಚ್ಚು ಎಂದಿದ್ದರು. ಆದರೆ ವಾಕ್ಯ ಇಳಿಜಾರಿನಲ್ಲಿ ಬ್ರೇಕು ಹೋದ ಸೈಕಲ್ಲಿನಂತೆ ತನ್ನ ಪಾಡಿಗೆ ತಾನು ಹೋಗಿ ಕಾರ್ಯದರ್ಶಿ ವೀರಭದ್ರಸ್ವಾಮಿಯವರ ಹೊಟ್ಟೆಗೆ ಗುದ್ದಿ ನಿಂತಿತು. ಅವರು ಬೈಯುವುದನ್ನು ನಿಲ್ಲಿಸಿದರು. ಪಿರಿಯಾಪಟ್ಟಣದ ಆ ಹೊಗೆಸೊಪ್ಪು ಬೆಳೆಗಾರರ ಸಂಘದ ಜಗುಲಿಯಲ್ಲಿ ಬೆಳಗಿನಿಂದ ಮೊಬೈಲು ಹಿಡಿದು ನಿಂತಿದ್ದವರೂ ಸುಮ್ಮನಾದರು. ಎಲ್ಲರ ಮುಖದಲ್ಲೂ ಒಂದು ಬಗೆಯ ನಿರಾಳ ಹರಡಿದ್ದನ್ನು ಅವಳು ಕಣ್ಣಾರೆ ಕಂಡಳು. ಹಲ್ಲುನೋವಿನವನಿಗೆ ಕೊನೆಗೂ ಇದೇ ಹಲ್ಲು ಎಂದು ಗೊತ್ತಾದಾಗ ಬರುವ ನಿರಾಳ. ಅವಳ ಮುಖದಲ್ಲೂ ಅದು ಬಂದಿರಬೇಕು. ಅದನ್ನು ನೆನೆದಾಗ ಕೆನ್ನೆ ಸುಟ್ಟಿತು. ಹೇಳಿದ್ದು ಸುಳ್ಳಲ್ಲ. ಮಹದೇವಮ್ಮ ಒರೆಸಿದ್ದಳು, ಬಟ್ಟೆ ಒದ್ದೆಯಾಗಿತ್ತು. ಆದರೆ ನೀರು ಹೊಕ್ಕ ಯಂತ್ರ ಏಳುವುದೇ ಇಲ್ಲ, ಎದ್ದು ನಿಂತು ಎಲ್ಲರ ಮೊಬೈಲಿಗೂ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಒಂದು ಪದ ಬರೆದು ಕಳಿಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವಳು, ಸಂಘದ ಕಂಪ್ಯೂಟರು ನೋಡಿಕೊಳ್ಳುವ ಅವಳೊಬ್ಬಳೇ.

ಆ ಪದ ಫರ್ಬಿಡನ್. ಸಂಘದ ವೆಬ್‌ಸೈಟಿನಲ್ಲಿ ಯಾವ ಬೆಳೆಗಾರ ಯಾವತ್ತು ಸೊಪ್ಪಿನ ಬೇಲುಗಳನ್ನು, ಅಂದರೆ ಹೊಲಿದ ಮೂಟೆಗಳನ್ನು, ತರಬೇಕು ಎಂಬ ಪಾಳಿ ಇರುತ್ತದೆ. ಪಾಳಿ ನಂಬರು ತೋರಿಸದೆ ಅಂಗಳದ ಗೇಟಿನವನು ವಾಹನ ಒಳಗೆ ಬಿಡುವುದಿಲ್ಲ. ಆಯುಧಪೂಜೆ, ವಿಜಯದಶಮಿ, ಅದರ ಜೊತೆಗೇ ಬಂದ ಗಾಂಧಿ ಜಯಂತಿ ಎಲ್ಲ ಮುಗಿದು ಇವತ್ತು ಬಾಗಿಲು ತೆಗೆದರೆ ಸೈಟಿನಲ್ಲಿ ಪಾಳಿಯೂ ಇಲ್ಲ, ನಂಬರೂ ಇಲ್ಲ, ಬಿಳೀ ಹಾಳೆಯ ಮೇಲೆ ಆ ಪದ ಮಾತ್ರ. ಗೇಟಿನ ಹೊರಗೆ ಮೊನ್ನೆ ಒಡೆದ ಬೂದುಗುಂಬಳದ ಕುಂಕುಮ ಮೆತ್ತಿದ ಹೋಳುಗಳ ಮೇಲೆ ಟೆಂಪೋಗಳು, ಆಟೋಗಳು, ಟ್ರ್ಯಾಕ್ಟರುಗಳು ಕುಶಾಲನಗರದ ರಸ್ತೆಯವರೆಗೂ ನಿಂತಿದ್ದವು. ಮೋಡ ಕವಿದಿತ್ತು. ಗೂಡಿನ ಶಾಖದಲ್ಲಿ ಹದವಾಗಿ ಬೇಯಿಸಿದ ಸೊಪ್ಪು ತೇವ ಕುಡಿದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟ ಬೇಲನ್ನು ಮೂಸಿ ನೋಡುವವರೂ ಇಲ್ಲ. ಹಾಗಾಗಿ ಜನಕ್ಕೆ ಸಿಟ್ಟು ಬರುವುದು ನ್ಯಾಯವೇ ಎಂದು ಉಷಾರಾಣಿ ಅಂದುಕೊಂಡಳು. ತನ್ನ ಮೇಲೆ ಬರುವ ಸಿಟ್ಟೆಲ್ಲ ನ್ಯಾಯವೇ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಅವಳ ಹಳೆಯ ಅಭ್ಯಾಸ.

‘ಮಾತೇ ಆಡ್ಬ್ಯಾಡ್ರಪ್ಪ, ಅರಿಸ್ನ ಕುಂಕುಮ ಜಾಸ್ತಿ ಆಗಿ ಮಿಷನ್ ಮೈಮ್ಯಾಲೆ ದ್ಯಾವ್ರು ಬಂದದೆ’ ಎಂದಿದ್ದ ಗಾವಡಗೆರೆ ಕಡೆಯ ಪುಟ್ಟಮಲ್ಲಪ್ಪ, ಕಿಟಕಿಯ ಸರಳಿಗೆ ಗಲ್ಲ ಒತ್ತಿ. ಎಲ್ಲರೂ ನಕ್ಕಿದ್ದರು. ‘ಅದೇನಮ್ಮ ಕಂಪ್ಯೂಟರಮ್ಮ, ಫರ್ಬಿಡ್ಡು ಅಂದ್ರೆ ಏನು? ನನ್ನ ಮಗ ಅಂತಾನೆ ನಿಷೇಧ ಅಂತೆ. ನಮ್ ಸಂಘ, ನಮ್ ಸೊಪ್ಪು, ನಮ್ಗೇ ನಿಷೇಧವಾ?’ ಅದಕ್ಕೂ ನಕ್ಕಿದ್ದರು, ಆದರೆ ಆ ನಗುವಿನ ತಳದಲ್ಲಿ ಹಲ್ಲಿತ್ತು. ಆಗಲೇ ವೀರಭದ್ರಸ್ವಾಮಿಯವರು ಮಹಡಿಯಿಂದ ಇಳಿದು ಬಂದು, ಅಷ್ಟು ಜನರ ಮುಂದೆ, ‘ಏನ್ರೀ ಮಾಡಿಟ್ರಿ? ಸಂಬಳ ತಗೊಳ್ಳೋಕೆ ಬರುತ್ತೆ, ಇದೊಂದು ಡಬ್ಬ ನೋಡ್ಕೊಳ್ಳೋಕೆ ಬರಲ್ವಾ?’ ಎಂದದ್ದು. ಆಗಲೇ ಅವಳು ಆ ವಾಕ್ಯ ಹೇಳಿದ್ದು.

‘ಆ ಹಾಡಿಯವಳ್ನ ಮಿಷನ್ ರೂಮಿಗೆ ಬಿಟ್ಟೋರು ಯಾರು?’ ಎಂದರು ವೀರಭದ್ರಸ್ವಾಮಿ, ಈಗ ಅವಳನ್ನಲ್ಲ, ಗಾಳಿಯನ್ನು ಕೇಳುವಂತೆ.

‘ಮುಟ್ಟಿಸ್ಬಾರ್ದಿತ್ತು ಬುಡಿ’ ಎಂದಿತು ಜಗುಲಿಯ ಹಿಂದಿನಿಂದ ಒಂದು ದನಿ. ಯಾರದೆಂದು ಯಾರೂ ತಿರುಗಿ ನೋಡಲಿಲ್ಲ.

ಮಹದೇವಮ್ಮ ಅಲ್ಲೇ, ಜಗುಲಿಯ ತುದಿಯಲ್ಲಿ, ಬಾಳೆಕಂದಿನ ಬಾಡಿದ ಎಲೆಗಳನ್ನು ಒಟ್ಟುಮಾಡುತ್ತಿದ್ದಳು. ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಸಂಘದ ಕಸ ಗುಡಿಸಿ ನೆಲ ಒರೆಸಿ ಹೋಗುವ ಹೆಂಗಸು. ಅವಳು ತಲೆಯೆತ್ತಿ ಉಷಾರಾಣಿಯನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಮಗುವನ್ನು ಇನ್ನೊಂದು ಸಲ ಮಾಡು ಎನ್ನುವಂತೆ ಕಾಯುವ ಮೇಷ್ಟರ ತಾಳ್ಮೆಯಿತ್ತು. ಉಷಾರಾಣಿ ‘ನೋಡ್ತೀನಿ ಸಾರ್’ ಎಂದು, ಯಾರಿಗೆ ಹೇಳಿದಳೋ, ಮಿಷನ್ ರೂಮಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಒಳಗೆ ಇನ್ನೂ ಕರ್ಪೂರದ ವಾಸನೆ. ಸೈಟು ನಡೆಸುವ ಸರ್ವರಿನ ಕಪ್ಪು ಪೆಟ್ಟಿಗೆಗೆ ಹಾಕಿದ್ದ ಚೆಂಡುಹೂವಿನ ಹಾರ ಬಿಸಿಗೆ ಬಾಡಿ ಕಂದು ಬಣ್ಣಕ್ಕೆ ತಿರುಗಿತ್ತು, ಹಣೆಯ ಜಾಗದಲ್ಲಿ ವಿಭೂತಿಯ ಮೂರು ಗೆರೆ. ಪೆಟ್ಟಿಗೆ ಕಳೆದ ದಸರಾ ಕಳೆದ ಮೇಲೆ ಬಂದದ್ದು, ಹಾಗಾಗಿ ಇದು ಅದರ ಮೊದಲ ಆಯುಧಪೂಜೆ. ಬುಧವಾರ ವೀರಭದ್ರಸ್ವಾಮಿಯವರು ತಮ್ಮ ಸ್ಕೂಟರು, ತಕ್ಕಡಿ, ಬೇಲು ಹೊಲಿಯುವ ಸೂಜಿಗಳು, ಸ್ಟೇಪ್ಲರು ಎಲ್ಲವನ್ನೂ ಸಾಲಾಗಿ ಇಡಿಸಿ, ಇದರ ಮುಂದೆ ಬಂದು ನಿಂತು, ‘ಇದನ್ನೂ ಆರಿಸಿ’ ಎಂದಿದ್ದರು. ಇದನ್ನು ಆರಿಸುವಂಥದ್ದಲ್ಲ ಸಾರ್ ಎಂದು ಅವಳು ಹೇಳಿದ್ದಳು, ಆದರೆ ಹೇಳಿದ್ದು ಕೇಳಿಸದಷ್ಟು ಮೆತ್ತಗೆ. ‘ನಮ್ಮಪ್ಪನ ಕಾಲದಿಂದ ನೇಗ್ಲಿಗೇ ರಜ ಕೊಟ್ಕೊಂಡು ಬಂದಿದೀವಿ, ನಿಮ್ ಡಬ್ಬಕ್ಕೆ ಕೊಡಬಾರ್ದಾ? ಆಯುಧ ಅಂದ್ಮೇಲೆ ಒಂದಿನ ಸುಮ್ನಿರ್ಬೇಕು.’ ಪುರೋಹಿತರು ತಲೆಯಾಡಿಸಿದ್ದರು. ಅವಳೇ ಸ್ವಿಚ್ಚು ಒತ್ತಿದ್ದಳು. ಬಂದಾಗಿನಿಂದ ಒಂದು ದಿನವೂ ನಿಲ್ಲದ ಅದರ ಗುಂಯ್‌ಗುಡುವಿಕೆ ನಿಂತಾಗ ಕೋಣೆಯಲ್ಲಿ ಎಂಥದೋ ಅಪರಿಚಿತ ಮೌನ ತುಂಬಿತ್ತು. ಮನೆಯಲ್ಲಿ ಯಾರೋ ಹಿರಿಯರು ಉಸಿರು ನಿಲ್ಲಿಸಿದಂತೆ. ಆಗಲೇ ಮಹದೇವಮ್ಮ ಬಕೆಟ್ಟು ಹಿಡಿದು ಬಂದು, ಬಟ್ಟೆಯನ್ನು ತಿರುಚಿ ತಿರುಚಿ ಹಿಂಡಿ, ಒಂದು ಹನಿಯೂ ತೊಟ್ಟಿಕ್ಕದಂತೆ ಮಾಡಿ, ‘ಇದ್ರ ಮೂತಿ ಒರೆಸ್ಲಾ ಅಮ್ಮಾ, ಬ್ಯಾಡ್ವಾ?’ ಎಂದು ಕೇಳಿದ್ದಳು. ಕೇಳಿದ್ದಳು. ‘ಒರೆಸಿ ಒರೆಸಿ, ಧೂಳಾಗಿದೆ’ ಎಂದಿದ್ದವಳು ಉಷಾರಾಣಿಯೇ. ಬೆಳಿಗ್ಗೆಯ ವಾಕ್ಯದಲ್ಲಿ ಇದು ಇರಲಿಲ್ಲ. ವಾಕ್ಯ ಸುಳ್ಳಲ್ಲ, ಬರೀ ಅಷ್ಟು ಚಿಕ್ಕದಾಗಿತ್ತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. ಫರ್ಬಿಡನ್ ಎಂದರೆ ಸರ್ವರು ಎದ್ದಿದೆ, ಬಾಗಿಲು ತಟ್ಟಿದವರಿಗೆ ಉತ್ತರ ಕೊಡುತ್ತಿದೆ, ಆದರೆ ಫೈಲುಗಳನ್ನು ಓದುವ ಅನುಮತಿ ಅದಕ್ಕೇ ಇಲ್ಲ. ಇಷ್ಟು ಅವಳಿಗೆ ಗೊತ್ತಿತ್ತು. ಇದಕ್ಕಿಂತ ಮುಂದಿನದು ಗೊತ್ತಿದೆಯೋ ಇಲ್ಲವೋ ಎಂಬುದು ಅವಳಿಗೆ ಎಂದೂ ಖಚಿತವಿರಲಿಲ್ಲ. ಹುಣಸೂರಿನಲ್ಲಿ ಸಿಮೆಂಟು ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಕ್ಲಾಸಿಗೆ ಹೋಗುತ್ತಿದ್ದಾಗ, ಊರಿನ ಕಡೆಯ ಬಸ್ಸು ತಪ್ಪಬಾರದೆಂದು ಅವಳು ದಿನಾ ಪಾಠ ಮುಗಿಯುವ ಮೊದಲೇ ಎದ್ದುಬಿಡಬೇಕಾಗಿತ್ತು. ಸಣ್ಣಯ್ಯ ಮೇಷ್ಟರು ಬೋರ್ಡಿನ ಕಡೆ ತಿರುಗಿದ ಹೊತ್ತು ನೋಡಿ, ಚಪ್ಪಲಿ ಕೈಯಲ್ಲಿ ಹಿಡಿದು, ಉಳಿದವರ ಮೊಣಕಾಲು ದಾಟಿಕೊಂಡು ಮೆಟ್ಟಿಲಿಳಿಯುವಾಗ ಹಿಂದಿನಿಂದ ಅವರ ದನಿ ಕೇಳುತ್ತಲೇ ಇರುತ್ತಿತ್ತು. ಅವಳು ಕೇಳಿಸಿಕೊಳ್ಳದ ಆ ಕೊನೆಯ ಕಾಲು ಗಂಟೆಯಲ್ಲೇ ಅವರು ನಿಜವಾದುದನ್ನೆಲ್ಲ ಹೇಳಿಕೊಟ್ಟುಬಿಟ್ಟರು ಎಂದು ಅವಳು ಇವತ್ತಿಗೂ ನಂಬಿದ್ದಾಳೆ. ಯಾವುದೇ ತೊಂದರೆ ಬಂದಾಗ, ಇದು ಆ ಕಾಲು ಗಂಟೆಗೆ ಸೇರಿದ್ದು, ಬೇರೆ ಎಲ್ಲರಿಗೂ ಗೊತ್ತಿರುತ್ತದೆ ಎಂಬ ಭಯ ಏಳುತ್ತದೆ. ಮೇಷ್ಟರು ಹೇಳಿದ್ದ ಒಂದು ಮಾತು ಮಾತ್ರ ಪೂರ್ತಿ ನೆನಪಿದೆ: ಅದು ಸುಳ್ಳು ಹೇಳುವುದಿಲ್ಲ, ನೀವು ಓದುವುದಿಲ್ಲ.

ಪಾಳಿಯ ಫೈಲುಗಳಿರುವ ಫೋಲ್ಡರಿನ ಅನುಮತಿಗಳನ್ನು ನೋಡಿದಳು. ಒಡೆಯನಿಗೆ ಓದು ಬರೆ, ಗುಂಪಿಗೆ ಓದು, ಇತರರಿಗೆ ಓದು, ಒಳಗೆ ಹಾಯಲು ಎಲ್ಲರಿಗೂ ದಾರಿ. ಎಲ್ಲ ಸರಿಯಾಗಿತ್ತು. ಮತ್ತೆ ನೋಡಿದಳು. ಬೀಗ ಹಾಕಿ ಹೊರಟು ಬೀದಿಯ ತಿರುವಿನಿಂದ ವಾಪಸು ಬಂದು ಬೀಗ ಜಗ್ಗಿ ನೋಡುವವಳು ಅವಳು. ಮೂರನೇ ಸಲವೂ ನೋಡಿದಳು. ಸರಿಯಾಗಿಯೇ ಇತ್ತು, ಆದರೂ ಫರ್ಬಿಡನ್. ಕೊನೆಗೆ ಮೈಸೂರಿನ ಕಿರಣ್‌ಕುಮಾರನಿಗೆ ಫೋನು ಮಾಡಿದಳು. ಸೈಟು ಕಟ್ಟಿಕೊಟ್ಟವನು ಅವನು, ವೀರಭದ್ರಸ್ವಾಮಿಯವರ ಷಡ್ಡಕನ ಮಗ.

‘ಮೇಡಂ, ಮೊದ್ಲು ಹೇಳಿ, ನೀವೇನು ಮುಟ್ಟಿದ್ರಿ?’

‘ಏನೂ ಮುಟ್ಟಿಲ್ಲ ಸಾರ್.’ ಅವನು ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಸಾರ್ ಎನ್ನದಿರಲು ಅವಳಿಗೆ ಬರುವುದಿಲ್ಲ.

‘ಮುಟ್ಟದೆ ಹೆಂಗೆ ಹೋಗುತ್ತೆ? ದೊಡ್ಡಪ್ಪ ಹೇಳಿದ್ರು, ಯಾರೋ ನೀರು ಹುಯ್ದ್ರಂತೆ.’

ಆಗಲೇ ಹೋಗಿ ತಲುಪಿತ್ತು. ಹುಯ್ದರಂತೆ. ಅವಳ ಚಿಕ್ಕ ವಾಕ್ಯ ಮೈಸೂರು ಮುಟ್ಟುವಷ್ಟರಲ್ಲಿ ಬಕೆಟ್ಟು ತುಂಬಿಕೊಂಡಿತ್ತು. ‘ಹುಯ್ದಿಲ್ಲ ಸಾರ್, ಒರೆಸಿದ್ದು...’

‘ಅದೆಲ್ಲ ಬಿಡಿ. ಫೋಲ್ಡರಿಗೆ ಏಳು ಏಳು ಏಳು ಕೊಡಿ. ಎಲ್ಲಾರ್ಗೂ ಎಲ್ಲಾನೂ. ಮುಗೀತು.’

ಎಲ್ಲರಿಗೂ ಓದುವ, ಬರೆಯುವ, ನಡೆಸುವ ಅನುಮತಿ. ಮನೆಯ ಬಾಗಿಲು ಹಾರುಹೊಡೆದು ಸಂತೆಗೆ ಹೋದಂತೆ ಎಂದು ಸಣ್ಣಯ್ಯ ಮೇಷ್ಟರು ಬೋರ್ಡಿನ ಮೇಲೆ ಆ ಮೂರು ಏಳುಗಳನ್ನು ಬರೆದು ಅಡ್ಡ ಗೀಟು ಹಾಕಿದ್ದು ಅವಳಿಗೆ ಕಣ್ಣಿಗೆ ಕಟ್ಟಿತು. ಹಾಗೆ ಮಾಡಬಾರದಲ್ಲವಾ ಸಾರ್ ಎಂದು ಕೇಳಬೇಕೆಂದುಕೊಂಡಳು. ‘ಸರಿ ಸಾರ್’ ಎಂದಳು. ಟೈಪು ಮಾಡುತ್ತಿರುವಾಗಲೇ ಬಾಗಿಲಿನಾಚೆ ವೀರಭದ್ರಸ್ವಾಮಿಯವರ ದನಿ ಕೇಳಿಸಿತು. ಗದರಿದ ದನಿಯಲ್ಲ. ಅವರು ತೀರ್ಮಾನ ಮಾಡಿದ ಮೇಲೆ ಅವರ ದನಿ ಮೃದುವಾಗುತ್ತದೆ. ‘ನೋಡಮ್ಮ, ನಾಳೆಯಿಂದ ನೀನು ಬರೋದು ಬ್ಯಾಡ. ಅಧ್ಯಕ್ಷರಿಗೂ ಹೇಳಿದೀನಿ. ಬ್ಯಾರೆಯವರು ಬತ್ತಾರೆ.’ ಮಹದೇವಮ್ಮ ಏನಂದಳೋ, ಅಂದಳೋ ಇಲ್ಲವೋ. ಆಮೇಲೆ ಪೊರಕೆಯನ್ನು ಗೋಡೆಗೆ ಒರಗಿಸಿದ ಸದ್ದು. ಈಗ ಎದ್ದು ಬಾಗಿಲು ತೆಗೆಯಬೇಕು, ಈಗ, ಎಂದುಕೊಳ್ಳುತ್ತಿದ್ದಂತೆಯೇ ತನ್ನ ಬೆರಳುಗಳು ನಿಲ್ಲದೆ ಒಂದಾದ ಮೇಲೊಂದು ಅಕ್ಷರ ಒತ್ತುತ್ತಿರುವುದನ್ನು ಉಷಾರಾಣಿ ನೋಡಿದಳು. ಏಳು. ಏಳು. ಏಳು. ಸೈಟು ಸರಿಯಾದರೆ ಎಲ್ಲ ತಾನಾಗಿ ಸರಿಯಾಗುತ್ತದೆ, ಸರಿಮಾಡಿಯೇ ಹೇಳಿದರೆ ಮಾತಿಗೆ ತೂಕವಿರುತ್ತದೆ. ಹೀಗೆ ಅವಳು ತನಗೆ ತಾನೇ ಒಂದು ಕಾರಣ ಕೊಟ್ಟಳು. ಒಳ್ಳೆಯ ಕಾರಣವೇ. ಅವಳ ಹೇಡಿತನಕ್ಕೆ ಒಳ್ಳೆಯ ಕಾರಣಗಳು ಯಾವತ್ತೂ ಕಡಿಮೆ ಬಿದ್ದಿಲ್ಲ.

ಏಳು ಏಳು ಏಳು ಕೊಟ್ಟರೂ ಫರ್ಬಿಡನ್. ‘ಹಂಗಾದ್ರೆ ನೀರೇ ಮೇಡಂ, ಹಾರ್ಡ್‌ವೇರ್ ಹೋಗಿದೆ’ ಎಂದು ಕಿರಣ್‌ಕುಮಾರ ಫೋನಿಟ್ಟ. ಹೊರಗೆ ಹನಿ ಬಿದ್ದವೋ ಏನೋ, ಟಾರ್ಪಾಲು ಎಳೆಯುವ ಗದ್ದಲ, ಬೈಗುಳ. ಯಾರೋ ಬಾಗಿಲನ್ನು ಒದ್ದರು. ‘ಒಳ್ಗೆ ನಿದ್ದೆ ಮಾಡ್ತಾವ್ಳಾ ನೋಡ್ರಲಾ!’

ಆಗ ಅವಳು ಮೊದಲೇ ಮಾಡಬೇಕಿದ್ದುದನ್ನು ಮಾಡಿದಳು. ಸರ್ವರು ತನ್ನ ತೊಂದರೆಯನ್ನೆಲ್ಲ ಸಾಲುಸಾಲಾಗಿ ಬರೆದಿಡುವ ಲಾಗ್ ತೆರೆದಳು. ಬೆಳಗಿನಿಂದ ಅದನ್ನು ತೆರೆಯದೆ ಇದ್ದದ್ದು ಮರೆವಿನಿಂದಲ್ಲ, ಅದರಲ್ಲಿ ತನ್ನ ಹೆಸರೇ ಇದ್ದೀತೆಂಬ ಹೆದರಿಕೆಯಿಂದ. ಒಂದೇ ಸಾಲು, ಜಗುಲಿಯಲ್ಲಿ ನಿಂತ ಒಬ್ಬೊಬ್ಬರು ಒಂದೊಂದು ಸಲ ಮೊಬೈಲು ಒತ್ತಿದ್ದಕ್ಕೂ ಮತ್ತೆ ಮತ್ತೆ ಅದೇ ಸಾಲು: ಅನುಮತಿ ಇಲ್ಲ, ದಾರಿಯ ಯಾವುದೋ ಒಂದು ಭಾಗದಲ್ಲಿ ಹಾದುಹೋಗಲು ಬಿಡುತ್ತಿಲ್ಲ. ಸರ್ವರು ಹೋಗಲೆತ್ನಿಸಿದ ದಾರಿಯೂ ಅಲ್ಲೇ ಇತ್ತು. ಅದು ಅವಳು ಬೆಳಗಿನಿಂದ ಜಗ್ಗಿ ಜಗ್ಗಿ ನೋಡುತ್ತಿದ್ದ ಫೋಲ್ಡರಿನ ದಾರಿಯೇ ಅಲ್ಲ. ಕಿರಣ್ ಎಂಬ ಹೆಸರಿನ, ಅವನ ಸ್ವಂತ ಫೋಲ್ಡರಿನ ಒಳಗೆ, ಪಾಳಿ-ಹೊಸದು ಎಂಬ ಇನ್ನೊಂದು. ಒಳಗಿನದು ತೆರೆದೇ ಇತ್ತು. ಹೊರಗಿನದಕ್ಕೆ ಅವನೊಬ್ಬನಿಗೆ ಬಿಟ್ಟು ಯಾರಿಗೂ ಪ್ರವೇಶವಿರಲಿಲ್ಲ. ನಡುಮನೆಯಲ್ಲಿ ಎಲೆ ಹಾಕಿ, ತಲೆಬಾಗಿಲಿಗೆ ಅಗುಳಿ ಜಡಿದಂತೆ. ಸರ್ವರು ಯಾವ ಫೋಲ್ಡರಿಗೆ ಹೋಗಬೇಕೆಂದು ಹೇಳುವ ಕಾನ್ಫಿಗರೇಶನ್ ಫೈಲನ್ನು ತೆರೆದಳು. ಅದನ್ನು ಕೊನೆಯ ಸಲ ತಿದ್ದಿದ್ದು ಆಷಾಢದಲ್ಲಿ, ಕಿರಣ್‌ಕುಮಾರನೇ, ಮೈಸೂರಿನಲ್ಲಿ ಕೂತು.

ಅವಳಿಗೆ ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು. ಸರ್ವರು ಆ ಫೈಲನ್ನು ಓದುವುದು ಏಳುವಾಗ ಒಮ್ಮೆ. ಆಮೇಲೆ ಅದರಲ್ಲಿ ಏನು ತಿದ್ದಿದರೂ, ಮತ್ತೆ ಓದು ಎಂದು ಹೇಳುವತನಕ, ಹಳೆಯದನ್ನೇ ನೆನಪಿಟ್ಟುಕೊಂಡು ನಡೆಯುತ್ತದೆ. ಅವನು ಹೊಸ ಜಾಗಕ್ಕೆ ಸೈಟು ಸಾಗಿಸಲು ಹೊರಟು, ಅರ್ಧ ತಿದ್ದಿ, ಮತ್ತೆ ಓದು ಎಂದು ಹೇಳದೆ, ಮರೆತು ಎದ್ದು ಹೋಗಿದ್ದ. ಶ್ರಾವಣ ಕಳೆಯಿತು, ಗೌರಿ ಗಣೇಶ ಕಳೆಯಿತು, ಪೆಟ್ಟಿಗೆ ಹಳೆಯ ನೆನಪಿನಲ್ಲೇ ಪಾಳಿ ತೋರಿಸುತ್ತ ಬಂತು. ಬುಧವಾರ ಅದಕ್ಕೆ ರಜ ಕೊಟ್ಟರು. ಇವತ್ತು ಎದ್ದು, ಆ ತಿದ್ದುಪಡಿಯನ್ನು ಮೊದಲ ಸಲ ಓದಿ, ಹೇಳಿದ ಕಡೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತಿತು. ಬಟ್ಟೆಯಲ್ಲ, ನೀರಲ್ಲ, ತಾನೂ ಅಲ್ಲ. ತಾನೂ ಅಲ್ಲ ಎಂಬುದೇ ಅವಳಿಗೆ ಹೆಚ್ಚು ಕಷ್ಟವಾಯಿತು. ತಪ್ಪು ತನ್ನದೇ ಆಗಿದ್ದರೆ ಬೆಳಗಿನ ಆ ವಾಕ್ಯಕ್ಕೆ ಭಯವೆಂಬ ಒಂದು ನೆಪವಾದರೂ ಇರುತ್ತಿತ್ತು. ಇಲ್ಲದ ತಪ್ಪಿನಿಂದ ತಪ್ಪಿಸಿಕೊಳ್ಳಲು ಅವಳು ಒಬ್ಬ ಹೆಂಗಸನ್ನು ಮುಂದೆ ತಳ್ಳಿದ್ದಳು.

ಹಳೆಯ ದಾರಿಯನ್ನು ಮತ್ತೆ ಬರೆದಳು. ಮೂರು ಏಳುಗಳನ್ನು ತೆಗೆದು ಅನುಮತಿಗಳನ್ನು ಮೊದಲಿದ್ದಂತೆ ಮಾಡಿದಳು. ಅವಸರದಲ್ಲೂ ಅದನ್ನು ಬಿಡಲಿಲ್ಲ. ಫೈಲಿನಲ್ಲಿ ತಪ್ಪಿಲ್ಲವೆಂದು ಸರ್ವರಿನಿಂದಲೇ ಹೇಳಿಸಿ, ಆಮೇಲೆ ಮತ್ತೆ ಓದು ಎಂದಳು. ಹೊರಗೆ ಗದ್ದಲ ಒಮ್ಮೆಗೇ ತಿರುಗಿಕೊಂಡಿತು. ‘ಬಂತು ಕಣ್ಲಾ! ನಂದು ಇವತ್ತೇ ಅದೆ! ಗೇಟ್ ತಗಿಯೋ!’ ಇಂಜಿನ್ನುಗಳು ಗುಡುಗಿದವು. ಅವಳು ಬಾಗಿಲು ತೆಗೆದಾಗ ಯಾರೋ ಅವಳತ್ತ ನೋಡದೆಯೇ ‘ಇಷ್ಟಕ್ಕೆ ಬೆಳಗಿಂದ ಕೊಳೆ ಹಾಕುದ್ಲಲ್ಲಪ್ಪ ನಮ್ಮುನ್ನ’ ಎಂದು ಹಾದುಹೋದರು. ಗೋಡೆಗೆ ಒರಗಿಸಿದ ಪೊರಕೆ ಇತ್ತು. ಮಹದೇವಮ್ಮ ಇರಲಿಲ್ಲ.

ಮಹಡಿ ಹತ್ತಿ, ವೀರಭದ್ರಸ್ವಾಮಿಯವರ ಕೋಣೆಯೊಳಗೆ ಹೋದಳು. ಅಲ್ಲಿ ಅವರೊಬ್ಬರೇ ಇದ್ದರು. ಬಾಗಿಲನ್ನು ತನ್ನ ಹಿಂದೆ ಮೆಲ್ಲಗೆ ಮುಚ್ಚಿದಳು. ಯಾಕೆ ಮುಚ್ಚಿದೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ. ಆಷಾಢದಲ್ಲಿ ತಿದ್ದಿದ್ದನ್ನು, ಆರಿಸಿದಾಗ ಆದದ್ದನ್ನು, ಇಂಗ್ಲಿಷು ಕಡಿಮೆ ಮಾಡಿ, ತಡವರಿಸುತ್ತ ಹೇಳಿದಳು. ‘ಮಹದೇವಮ್ಮಂದು ಏನೂ ತಪ್ಪಿಲ್ಲ ಸಾರ್.’

ಅವರು ಪೂರ್ತಿ ಕೇಳಿಸಿಕೊಂಡರು. ‘ಅಂದ್ರೆ, ನಮ್ಮ ಕಿರಣ ಮಾಡಿದ್ದು ಅಂತೀರಿ.’

‘ಹಂಗಲ್ಲ ಸಾರ್...’

‘ಹಂಗಲ್ಲ ಅಂದ್ರೆ ಮತ್ತೆ ಹೆಂಗೆ? ಇಲ್ಲಾ, ಆಯುಧಪೂಜೆ ಮಾಡಿದ್ದು ತಪ್ಪು ಅಂತೀರಿ. ಅಂದ್ರೆ ನಾನು.’ ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ‘ನೋಡಿ ಉಷಾರಾಣಿ, ಸೈಟು ಬಂತಾ? ಬಂತು. ಜನ ಹೋದ್ರಾ? ಹೋದ್ರು. ನೀರು ಬಿತ್ತು, ಒಣಗ್ತು, ಸರಿಹೋಯ್ತು. ಎಲ್ಲಾರ್ಗೂ ಅರ್ಥ ಆಗೋ ಮಾತು. ನೀವೇ ತಾನೆ ಹೇಳಿದ್ದು? ನಾನು ಹೇಳಿದ್ನಾ?’

‘ನಾನೇ ಸಾರ್.’

‘ಮತ್ತೆ? ಈಗ ಅದನ್ನ ತಿರುಗಿಸಿದ್ರೆ ಅಂದಾಜಿಲ್ದೆ ಮಾತಾಡೋರು ಅಂತ ನಿಮ್ಮನ್ನೇ ಅನ್ನಲ್ವಾ? ಹೋಗಿ, ನಾಳೆ ಪಾಳಿ ಹಾಕಿ.’ ಅವರ ದನಿ ಮೃದುವಾಗಿತ್ತು.

ಬಸ್ ನಿಲ್ದಾಣದಲ್ಲಿ ಮಹದೇವಮ್ಮ ಕಲ್ಲುಬೆಂಚಿನ ತುದಿಯಲ್ಲಿ, ಮಡಿಲಲ್ಲಿ ಊಟದ ಡಬ್ಬಿಯ ಚೀಲ ಇಟ್ಟುಕೊಂಡು ಕೂತಿದ್ದಳು. ಬೆಂಚಿನಲ್ಲಿ ಬೇರೆ ಜಾಗವಿತ್ತು, ಉಷಾರಾಣಿ ಕೂರಲಿಲ್ಲ. ಓಡಿ ಬಂದದ್ದರಿಂದ ಉಸಿರು ಕಟ್ಟುತ್ತಿತ್ತು. ಮಡಿಕೇರಿಯ ಬಸ್ಸೊಂದು ಕೆಸರು ಹಾರಿಸಿಕೊಂಡು ಹೋಯಿತು. ಶುಂಠಿ ಬೆಳೆಯಲು ಹೊಲ ಗುತ್ತಿಗೆ ಹಿಡಿಯಲು ಬಂದಿರಬೇಕು, ಇಬ್ಬರು ಮಲಯಾಳಿಗಳು ಪಕ್ಕದಲ್ಲಿ ಜೋರಾಗಿ ಮಾತಾಡುತ್ತಿದ್ದರು.

‘ನೀವು ಒರೆಸಿದ್ದರಿಂದ ಆದದ್ದಲ್ಲ ಅದು’ ಎಂದಳು ಉಷಾರಾಣಿ. ‘ಈಗ ಗೊತ್ತಾಯ್ತು.’

ಮಹದೇವಮ್ಮ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ‘ನಂಗೆ ಬೆಳಗ್ಗೇನೇ ಗೊತ್ತಿತ್ತು ಕಣಮ್ಮ. ಬಟ್ಟೆ ಹಿಂಡಿದ್ದು ನಾನಲ್ವಾ? ನಿಂಗೂ ಗೊತ್ತಿತ್ತು.’

ಇಷ್ಟು ದಿನ ನೀವು ಎನ್ನುತ್ತಿದ್ದವಳು. ಉಷಾರಾಣಿಗೆ ಅದು ಮಾತಿಗಿಂತ ಮೊದಲು ನಾಟಿತು. ‘ಕಾರ್ಯದರ್ಶಿಗೆ ಹೇಳ್ದೆ. ನಿಮ್ಮದೇನೂ ತಪ್ಪಿಲ್ಲ ಅಂತ ಹೇಳ್ದೆ.’

‘ಎಲ್ಲಿ ಹೇಳ್ದೆ?’

‘ಅವರ ರೂಮಲ್ಲಿ.’

‘ಯಾರ್ ಯಾರಿದ್ರು?’

‘ಅವರೊಬ್ಬರೇ.’

‘ಅಂಗೆ’ ಎಂದಳು ಮಹದೇವಮ್ಮ. ‘ಬೆಳಗ್ಗೆ ಅಷ್ಟು ಜನದ ಮುಂದೆ ಎಂಗೆ ಗಂಟ್ಲು ಬಂತು ನಿಂಗೆ! ನಾ ಎಲೆ ಎತ್ತೋದ್ ಬುಟ್ಟು ನೋಡ್ದೆ, ಈ ಉಡ್ಗಿ ಇಷ್ಟು ಜೋರಾಗಿ ಮಾತಾಡ್ತದಾ ಅಂತ. ಕಳ್ಳಿ ಅಂತ ಅಂದ್ರೆ ಮೈ ತಟ್ಕೊಂಡು ತೋರುಸ್ಬೋದು. ಇದುಕ್ಕೇನ್ ತೋರುಸ್ಲಿ? ನಾಳೀಕೆ ಅಂಚೆ ಆಫೀಸ್ನೋರು, ಡಾಕ್ಟ್ರಮ್ಮ, ಎಲ್ಲಿ ಕಸ ಹೊಡೆಯೋಕೋದ್ರೂ, ಮಿಷನ್ ಕೆಡ್ಸಿದೋಳು ಇವ್ಳೇಯ ಅಂತಾರೆ. ಈ ಊರಾಗೆ ಮಿಷನ್ ಇಲ್ದಿರೋ ಮನೆ ಯಾವ್ದದೆ ಈಗ?’

‘ತಪ್ಪಾಯ್ತು’ ಎಂದಳು ಉಷಾರಾಣಿ. ಮಲಯಾಳಿಗಳಿಗೆ ಕೇಳಿಸೀತೆಂದು ಅದನ್ನೂ ಮೆತ್ತಗೆ ಹೇಳಿದಳು.

‘ನಂಗ್ಯಾಕೆ ಹೇಳ್ತೀಯ ಗುಟ್ಟಾಗಿ? ಹೇಳುದ್ರೆ ಬೆಳಗ್ಗೆ ಹೇಳ್ದಂಗೆ ಹೇಳು. ಇಲ್ಲಾಂದ್ರೆ ಬುಡು.’ ಬಸ್ಸು ಬಂತು. ಮಹದೇವಮ್ಮ ಡಬ್ಬಿಯ ಚೀಲವನ್ನು ಕಂಕುಳಿಗೆ ಸೇರಿಸಿ, ಇಳಿಯುವವರಿಗೆ ಕಾಯದೆ ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿದಳು. ಕಿಟಕಿಯಲ್ಲಿ ಅವಳ ಮುಖ ಕಾಣಿಸುತ್ತದೆಂದು ಉಷಾರಾಣಿ ಕಾದಳು. ಅವಳು ಆಚೆ ಬದಿಯ ಸೀಟಿನಲ್ಲಿ ಕೂತಿರಬೇಕು.

ಸಂಘಕ್ಕೆ ವಾಪಸು ನಡೆಯುವಾಗ ಅವಳು ಮನಸ್ಸಿನಲ್ಲೇ ಅಂಗಳದ ಮಧ್ಯೆ ನಿಂತು ಆ ಮಾತು ಹೇಳಿ ನೋಡಿದಳು. ಅಣ್ಣಂದಿರೇ, ಒಂದು ನಿಮಿಷ. ಇಲ್ಲ. ಎಲ್ಲರೂ ಕೇಳಿಸಿಕೊಳ್ಳಿ. ಅದೂ ಇಲ್ಲ. ಕಲ್ಪನೆಯಲ್ಲೂ ಅವಳ ದನಿ ಮೊದಲ ಶಬ್ದಕ್ಕೇ ಒಡೆಯುತ್ತಿತ್ತು, ಜನ ನಗುತ್ತಿದ್ದರು, ವೀರಭದ್ರಸ್ವಾಮಿ ಮೃದುವಾಗಿ ಮಾತಾಡುತ್ತಿದ್ದರು. ಬೆಳಿಗ್ಗೆ ಗಂಟಲು ಬಂದದ್ದು ಹೌದು. ಇನ್ನೊಬ್ಬರ ಮೇಲೆ ಹೇಳುವಾಗ ಬರುವ ಗಂಟಲು ಅದು, ತನ್ನ ಮೇಲೆ ಹೇಳಿಕೊಳ್ಳುವಾಗ ಬರುವುದಿಲ್ಲ. ಅಂಗಳಕ್ಕೆ ಕಾಲಿಟ್ಟಾಗ ನಾಳಿನ ಪಾಳಿಗಾಗಿ ಇಪ್ಪತ್ತು ಮೂವತ್ತು ಜನ ಆಗಲೇ ಟಾರ್ಪಾಲಿನ ಕೆಳಗೆ ಕೂತಿದ್ದರು. ಪುಟ್ಟಮಲ್ಲಪ್ಪನೂ ಇದ್ದ. ಅವನ ನಂಬರು ಇವತ್ತು ಬಂದಿರಲಿಲ್ಲ. ‘ಎಲ್ಲಿ ಸುತ್ತಾಕೋಗಿದ್ದಮ್ಮ ಮಾರಾಯ್ತಿ? ನಾಳೇದ್ನಾದ್ರೂ ಹಾಕ್ತೀಯೋ, ಇಲ್ಲ ಅದುಕ್ಕೂ ಮಂಗಳಾರತಿ ಆಗ್ಬೇಕೋ?’ ಅವಳು ಬಾಯಿ ತೆರೆದಳು. ‘ಹಾಕ್ತೀನಿ’ ಎಂದಷ್ಟೇ ಬಂತು.

ಒಳಗೆ ಕೂತು ನಾಳಿನ ಹೆಸರು, ನಂಬರುಗಳನ್ನು ತುಂಬಿಸಿದಳು. ಎಲ್ಲ ಮುಗಿದ ಮೇಲೆ, ಮೊದಲ ಹೆಸರಿನ ಮೇಲೆ ಒಂದು ಖಾಲಿ ಸಾಲು ಬಿಟ್ಟು ಬರೆದಳು. ಸೈಟಿನ ತೊಂದರೆಗೆ ಒದ್ದೆ ಬಟ್ಟೆ ಕಾರಣವಲ್ಲ ಎಂದು ತಿಳಿದುಬಂದಿದೆ. ಓದಿದಳು. ಸರ್ಕಾರಿ ಕಚೇರಿಯ ಗೋಡೆಗೆ ಅಂಟಿಸಿದ ಕಾಗದದ ಹಾಗಿತ್ತು, ಅದರಲ್ಲಿ ಒಬ್ಬ ಮನುಷ್ಯರೂ ಇರಲಿಲ್ಲ. ಅಳಿಸಿದಳು. ಮತ್ತೆ ಬರೆದಳು, ಅಳಿಸಿದಳು. ಮೂರನೇ ಸಲ ಬರೆದದ್ದನ್ನು ಅಳಿಸಲಿಲ್ಲ. ಈ ಫೈಲನ್ನು ತಿದ್ದುವ ಅನುಮತಿ ಇಡೀ ಸಂಘದಲ್ಲಿ ತನಗೂ ಕಿರಣ್‌ಕುಮಾರನಿಗೂ ಮಾತ್ರ ಇದೆ ಎಂಬುದು, ಇಷ್ಟು ದಿನ ಬರೀ ಹೊಣೆಯಾಗಿದ್ದದ್ದು, ಈಗ ಬೇರೆ ಯಾವುದೋ ಬಣ್ಣದಲ್ಲಿ ಕಂಡಿತು. ಅವನು ಸಂಜೆಯೊಳಗೆ ನೋಡಿ ಅಳಿಸುತ್ತಾನೆ. ಅಳಿಸಲಿ. ಅಷ್ಟರಲ್ಲಿ ನಾಳಿನ ನಂಬರು ಹುಡುಕುವವರೆಲ್ಲ ಮೇಲಿನಿಂದಲೇ ಓದಿಕೊಂಡು ಬರುತ್ತಾರೆ. ನಾಳೆ ಈ ಕುರ್ಚಿ ತನ್ನದಾಗಿರುತ್ತದೋ ಇಲ್ಲವೋ ಎಂದು ಯೋಚಿಸಲು ಹೊರಟಳು. ಆ ಯೋಚನೆಗೆ ಒಳ್ಳೊಳ್ಳೆಯ ಕಾರಣಗಳು ಒಂದೊಂದಾಗಿ ಬಂದು ಸಾಲು ನಿಲ್ಲತೊಡಗಿದವು. ಅವು ಪೂರ್ತಿ ಬಂದು ಸೇರುವ ಮೊದಲೇ ಸೈಟಿಗೆ ಏರಿಸುವ ಗುಂಡಿ ಒತ್ತಿದಳು.

ಹೊರಗೆ ‘ಬಂತು ಬಂತು’ ಎಂಬ ಗಲಾಟೆ. ಆಮೇಲೆ ಪುಟ್ಟಮಲ್ಲಪ್ಪನ ದನಿ, ಅಕ್ಷರ ಕೂಡಿಸಿ ಕೂಡಿಸಿ ಓದುವವನ ಎಳೆದ ದನಿ: ‘ಬೆಳಿಗ್ಗೆ... ಸೈಟು ನಿಂತದ್ದು ಮಹದೇವಮ್ಮನವರಿಂದ ಅಲ್ಲ. ಒರೆಸಿ ಎಂದು ಹೇಳಿದ್ದು ನಾನು. ಅವರಿಂದ ಕೆಟ್ಟಿತೆಂದು ಎಲ್ಲರ ಮುಂದೆ ಹೇಳಿದ್ದೂ ನಾನು. ಅದು ಸುಳ್ಳು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಉಷಾರಾಣಿ.’ ಅವನು ನಿಲ್ಲಿಸಿದ. ‘ಇದ್ಯಾವ ನಂಬರ್ಲಾ ಇದು?’

‘ಯಾವ ಮಹದೇವಮ್ಮ?’

‘ಕಸ ಗುಡಿಸ್ತಿತ್ತಲ್ಲ ಕಣ್ಲಾ, ಹಾಡಿದು. ಬೆಳಗ್ಗೆ ಕಳಿಸ್ಬುಟ್ರಲ್ಲ.’

‘ಅಂದ್ರೆ ಈಯಮ್ಮ ಬಿಟ್ಟಿದ್ದು ಬುರುಡೆಯಾ?’ ಯಾರೋ ಕೇಕೆ ಹಾಕಿದರು. ‘ನೋಡ್ದಾ ಇವ್ಳ! ಸಾಚಾ ಮುಖ ಮಾಡ್ಕೊಂಡು!’

‘ನಂಗೆ ಕೇಳ್ಲಿಲ್ಲ, ಇನ್ನೊಂದ್ಸಲ ಓದ್ಲಾ ಮಲ್ಲಪ್ಪ, ಜೋರಾಗೋದು’ ಎಂದಿತು ಗೇಟಿನ ಕಡೆಯಿಂದ ಒಂದು ದನಿ.

ಪುಟ್ಟಮಲ್ಲಪ್ಪ ಗಂಟಲು ಸರಿಮಾಡಿಕೊಂಡ. ಹರಿಕಥೆಗೆ ನಿಂತವನ ಹಾಗೆ ರಾಗ ತೆಗೆದು, ಅವಳಿಗೆ ಕೇಳಲೆಂದೇ ಕಿಟಕಿಯ ಕಡೆ ತಿರುಗಿ, ಮೊದಲಿನಿಂದ ಓದತೊಡಗಿದ. ಮಹಡಿಯ ಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು, ಆಮೇಲೆ ಮೆಟ್ಟಿಲುಗಳ ಮೇಲೆ ಚಪ್ಪಲಿಯ ಸದ್ದು. ಉಷಾರಾಣಿಯ ಕೈ ಕಿಟಕಿಯ ಬಾಗಿಲಿಗೆ ಹೋಗಿ, ಅಲ್ಲೇ ನಿಂತಿತು. ಅವಳು ಅದನ್ನು ಮುಚ್ಚಲಿಲ್ಲ.